ಕೋರ್ ಅಂದರೆ ನಡು

ಬೆಳಗ್ಗೆ ಆರೂವರೆಗೆ ಲಾಲ್‌ಬಾಗಿಗೆ ಹೋದರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಬರೀ ವಾಕಿಂಗ್ ಸಾಲದಂತೆ, ಕೋರ್ ಎಕ್ಸರ್‌ಸೈಜೂ ಮಾಡ್ಬೇಕಂತೆ.’ ಕೋರ್ ಅಂದರೇನು ಅಂತ ಕೇಳಿದರೆ ಹೆಚ್ಚಿನವರು ಹೊಟ್ಟೆಯ ಮೇಲೆ ಕೈಯಿಡುತ್ತಾರೆ. ಅವರ ಕೈ ಇರುವುದು ಕೋರಿನ ಒಂದು ಪಕ್ಕದ ಮೇಲೆ ಮಾತ್ರ.

ಇಂಗ್ಲಿಷಿನಲ್ಲಿ ಸೇಬಿನ ಬೀಜ ಕೂತಿರುವ ಗಟ್ಟಿ ಭಾಗಕ್ಕೆ ಕೋರ್ ಅನ್ನುತ್ತಾರೆ. ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಪದ ಇದೆ: ನಡು. ನಡು ಅಂದರೆ ಮಧ್ಯ, ಸೊಂಟವೂ ಹೌದು. ದೊಡ್ಡ ಕೆಲಸಕ್ಕೆ ಇಳಿಯುವವರನ್ನು ‘ನಡು ಕಟ್ಟಿ ನಿಂತರು’ ಅನ್ನುತ್ತೇವಲ್ಲ, ಆ ಕಟ್ಟುವ ಕೆಲಸವನ್ನು ದೇಹ ಒಳಗಿನಿಂದ ತಾನೇ ಮಾಡಿಕೊಳ್ಳುತ್ತದೆ. ಅದಕ್ಕೆಂದು ಇರುವ ಸ್ನಾಯುಗಳ ಗುಂಪೇ ಕೋರ್.

ಒಂದು ಡಬ್ಬಿ ಇದೆ ಅಂದುಕೊಳ್ಳಿ. ಮುಚ್ಚಳದ ಜಾಗದಲ್ಲಿ ವಪೆ, ಅಂದರೆ ಉಸಿರು ಎಳೆಯುವ ದೊಡ್ಡ ಸ್ನಾಯು. ತಳದಲ್ಲಿ ಮೂತ್ರಕೋಶವನ್ನೂ ಗರ್ಭಕೋಶವನ್ನೂ ಹೊತ್ತ ಸ್ನಾಯುಗಳ ಜೋಲಿ. ಹಿಂದೆ ಬೆನ್ನುಮೂಳೆಯ ಮಣಿಗಳನ್ನು ಒಂದಕ್ಕೊಂದು ಹಿಡಿದಿರುವ ಸಣ್ಣ ಸ್ನಾಯುಗಳು. ಮುಂದೆ ಮತ್ತು ಪಕ್ಕದಲ್ಲಿ, ಹೊಟ್ಟೆಯನ್ನು ಬೆಲ್ಟಿನ ಹಾಗೆ ಅಡ್ಡಕ್ಕೆ ಸುತ್ತಿರುವ ಆಳದ ಸ್ನಾಯು. ಇದರ ಹೆಸರು ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್. ಹುಡುಗರು ಕನ್ನಡಿಯಲ್ಲಿ ನೋಡಿಕೊಳ್ಳುವ ಸಿಕ್ಸ್ ಪ್ಯಾಕ್ ಇವೆಲ್ಲದರ ಮೇಲಿನ ಪದರ.

ಈ ಬೆಲ್ಟಿನ ಬಗ್ಗೆ ನನಗೆ ತುಂಬ ಇಷ್ಟವಾದ ಸಂಗತಿ ಒಂದಿದೆ. 1996ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್, ನಿಂತವರಿಗೆ ತಟ್ಟನೆ ಕೈ ಎತ್ತಲು ಹೇಳಿ ಯಾವ ಸ್ನಾಯು ಮೊದಲು ಎಚ್ಚರವಾಗುತ್ತದೆ ಅಂತ ಅಳೆದರು. ಭುಜಕ್ಕಿಂತ ಮೊದಲೇ ಹೊಟ್ಟೆಯ ಈ ಆಳದ ಸ್ನಾಯು ಬಿಗಿಯಾಗಿತ್ತು! ಸೊಂಟನೋವು ಇದ್ದವರಲ್ಲಿ ಅದು ತಡವಾಗಿತ್ತು. ಅಂದರೆ ಕೈಕಾಲು ಆಡುವ ಮುಂಚೆ ನಡು ಗಟ್ಟಿಯಾಗಬೇಕು.

ಸಮತೋಲನದ ವಿಷಯಕ್ಕೆ ಬಂದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮೆಜೆಸ್ಟಿಕ್ಕಿಗೆ ಹೋಗುವ ಬಸ್ಸಿನಲ್ಲಿ ನಿಂತಿದ್ದೀರಿ. ಡ್ರೈವರ್ ದಿಢೀರನೆ ಬ್ರೇಕ್ ಹಾಕುತ್ತಾರೆ. ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳು, ಈ ಮೂರು ಕಡೆಯಿಂದ ಮೆದುಳಿಗೆ ಸುದ್ದಿ ಹೋಗುತ್ತದೆ. ಮೆದುಳು ವಾಪಸ್ ಆಜ್ಞೆ ಕಳಿಸುತ್ತದೆ. ಕಾಲು ಒಂದು ಹೆಜ್ಜೆ ಇಡುತ್ತದೆ, ಆದರೆ ಮುಂಡ ವಾಲುವುದನ್ನು ತಡೆಯಬೇಕಾದದ್ದು ನಡು. ಅದು ಸೋತಿದ್ದರೆ ಕಾಲಲ್ಲಿ ಎಷ್ಟು ಬಲವಿದ್ದರೂ ಮನುಷ್ಯ ಪಕ್ಕದವರ ಮೇಲೆ ಬೀಳುತ್ತಾನೆ. ಕಲ್ಲು ಎದ್ದ ಫುಟ್‌ಪಾತಿನಲ್ಲಿ ಎಡವಿದಾಗಲೂ ಇದೇ ಕತೆ.

‘ಟೋನ್’ ಅನ್ನುವ ಪದವೂ ಇದರ ಜೊತೆ ಓಡಾಡುತ್ತದೆ. ಜಿಮ್‌ನಲ್ಲಿ ಅದಕ್ಕೆ ಮೈ ಬಿಗಿಯಾಗಿ ಕಾಣುವುದು ಅನ್ನುವ ಅರ್ಥ. ವೈದ್ಯರ ಮಾತಿನಲ್ಲಿ ಬೇರೆ: ಸುಮ್ನೆ ಕೂತಾಗಲೂ ಸ್ನಾಯುವಿನಲ್ಲಿ ಉಳಿದಿರುವ ಸಣ್ಣ ಬಿಗಿ. ಇನ್ನೊಂದು ಮಾತು ಹೇಳಲೇಬೇಕು. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬೇ ಕರಗುತ್ತದೆ ಅನ್ನುವುದು ತಪ್ಪು. ಆ ಆಸೆಯಿಂದ ಶುರು ಮಾಡಿದವರು ಎರಡೇ ವಾರಕ್ಕೆ ಬಿಟ್ಟುಬಿಡುತ್ತಾರೆ, ನೋಡಿ ಬೇಜಾರಾಗುತ್ತದೆ.

ಹಾಗಾದರೆ ಏನು ಮಾಡಬೇಕು? ನಡುವಿನ ಮುಖ್ಯ ಕೆಲಸ ಅಲುಗದೆ ಇರುವುದು, ಆದ್ದರಿಂದ ಅದರ ವ್ಯಾಯಾಮಗಳಲ್ಲೂ ಅಲುಗಾಟ ಕಡಿಮೆ. ಮಂಡಿ ಮತ್ತು ಅಂಗೈ ಊರಿ, ಬಲಗೈ ಹಾಗೂ ಎಡಗಾಲನ್ನು ಒಟ್ಟಿಗೆ ಚಾಚಿ ಹತ್ತು ಸೆಕೆಂಡ್ ನಿಲ್ಲಿ. ಆಮೇಲೆ ಬದಲಿಸಿ. ಬೆನ್ನ ಮೇಲೆ ನೀರಿನ ಲೋಟ ಇಟ್ಟಿದ್ದಾರೆ ಅನ್ನುವ ಹಾಗೆ ಸೊಂಟ ಸ್ಥಿರವಾಗಿರಲಿ. ಕೈ ಮತ್ತು ಕಾಲ್ಬೆರಳು ಊರಿ ಮೈಯನ್ನು ಹಲಗೆಯ ಹಾಗೆ ನೇರ ಹಿಡಿಯುವ ಪ್ಲಾಂಕ್, ಅಂದರೆ ನಮ್ಮ ಫಲಕಾಸನ, ಇದೇ ಜಾತಿಯದು. ಬೆನ್ನ ಮೇಲೆ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವ ಸೇತುಬಂಧಾಸನವೂ ಆಗುತ್ತದೆ. ಎಲ್ಲದರಲ್ಲೂ ಉಸಿರು ಹಿಡಿಯಬೇಡಿ, ಬಿಪಿ ಇದ್ದವರಂತೂ ಹಿಡಿಯಲೇಬಾರದು. ಹರ್ನಿಯಾ ಇದ್ದರೆ, ಮೂಳೆ ಸವೆದಿದ್ದರೆ, ಹೆರಿಗೆಯಾಗಿ ಸ್ವಲ್ಪ ದಿನವಷ್ಟೇ ಆಗಿದ್ದರೆ ಮೊದಲು ಡಾಕ್ಟರನ್ನೋ ಫಿಸಿಯೋ ಅವರನ್ನೋ ಕೇಳಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ ದೊಡ್ಡವರು ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲದ ವ್ಯಾಯಾಮ ಮಾಡಬೇಕು. 65 ದಾಟಿದವರು ಸಮತೋಲನಕ್ಕೂ ಒತ್ತು ಕೊಟ್ಟು 3 ಅಥವಾ ಹೆಚ್ಚು ದಿನ ಮಾಡಬೇಕು. ನಮ್ಮಮ್ಮನಿಗೆ ಈಗ 68. ಹೋದ ವರ್ಷ ಬಸ್ಸಿಳಿಯುವಾಗ ಮುಗ್ಗರಿಸಿದ ಮೇಲೆ ಬೆಳಗ್ಗೆ ಹಾಲು ಉಕ್ಕುವ ತನಕ ಅಡುಗೆ ಕಟ್ಟೆ ಹಿಡಿದು ಒಂದೇ ಕಾಲಿನಲ್ಲಿ ನಿಲ್ಲುತ್ತಾರೆ. ಮೊದಲು ಎರಡೂ ಕೈ ಊರುತ್ತಿದ್ದರು. ಈಗ ಒಂದು ಬೆರಳು ಸಾಕು.