ಪಕ್ಕದ ಹೊಲ ನೋಡುವ ವಿಜ್ಞಾನ

"ರೈತರು ವಿಜ್ಞಾನಿಗಳ ಮಾತು ಎಲ್ಲಿ ಕೇಳ್ತಾರೆ? ಅವರಿಗೆ ಪಂಚಾಂಗ ಇದ್ದರೆ ಸಾಕು." ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕೃಷಿ ವಿಶ್ವವಿದ್ಯಾಲಯದ ವಿಸ್ತರಣೆ ಕೆಲಸಕ್ಕೆ, ಅಂದರೆ ಹೊಸ ತಳಿ, ಹೊಸ ವಿಧಾನಗಳನ್ನು ರೈತರಿಗೆ ತಲುಪಿಸುವ ಕೆಲಸಕ್ಕೆ, ಯೋಜನೆ ಬರೆಯುವವರಲ್ಲೂ ಈ ಯೋಚನೆ ಒಳಗೊಳಗೇ ಇರುತ್ತದೆ. ಮೂರು ವರ್ಷ ಹೊಸ ತಳಿ ತೋರಿಸಿದೆವು, ಬೆಳೆದವರು ಹತ್ತೇ ಜನ, ಯೋಜನೆ ಸೋತಿತು, ಫೈಲ್ ಮುಚ್ಚಿ! ಮೂರು ವರ್ಷಕ್ಕೆ ಫಲ ಬರಲೇಬೇಕು ಅನ್ನುವುದೇ ನನಗೆ ದೊಡ್ಡ ಮೂಢನಂಬಿಕೆಯಾಗಿ ಕಾಣುತ್ತದೆ.

ಅಮೆರಿಕದ ಅಯೋವಾ ರಾಜ್ಯಕ್ಕೆ ಹೋಗೋಣ. ಅಲ್ಲಿ ಹೈಬ್ರಿಡ್ ಮುಸುಕಿನ ಜೋಳ ಬಂದಾಗ ಇಳುವರಿ ಸುಮಾರು 20% ಜಾಸ್ತಿ ಇತ್ತು. ಯಾರಾದರೂ ಬೇಡ ಅಂತಾರಾ? ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಸಮಾಜವಿಜ್ಞಾನಿಗಳು ಎರಡು ಊರುಗಳ 259 ರೈತರನ್ನು ಮಾತಾಡಿಸಿ, 1943ರಲ್ಲಿ ಲೆಕ್ಕ ಪ್ರಕಟಿಸಿದರು. 1928ರಲ್ಲಿ ಶುರುವಾದ ಈ ಬೀಜವನ್ನು 1933ರ ಹೊತ್ತಿಗೆ ಹಿಡಿದವರು ನೂರಕ್ಕೆ 10 ಮಾತ್ರ. 1936ಕ್ಕೆ 40. 1941ರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ! ಹೊಸ ಬೀಜದ ಸುದ್ದಿ ಹಲವರಿಗೆ ಮೊದಲು ತಲುಪಿದ್ದು ಬೀಜ ಮಾರುವವರಿಂದ. ಆದರೆ ಮನಸ್ಸು ಮಾಡಿಸಿದ್ದು ಪಕ್ಕದ ಹೊಲದವರು.

ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಊಟ ಮುಗಿದಿದೆ, ಕೈ ಒಣಗಿದೆ, ಆದರೂ ಯಾರೂ ಏಳುವುದಿಲ್ಲ. ಒಬ್ಬರು ಎದ್ದರೆ ಇಬ್ಬರು ಏಳುತ್ತಾರೆ, ಆಮೇಲೆ ಇಡೀ ಸಾಲೇ ಎದ್ದುಬಿಡುತ್ತದೆ. ಕೊನೆಗೆ ಇನ್ನೊಂದು ಸಲ ಪಾಯಸ ಬರಬಹುದೆಂದು ಕೂತ ಇಬ್ಬರು ಉಳಿಯುತ್ತಾರೆ. ಇಲ್ಲವೇ ಹೆಪ್ಪು ಹಾಕಿದ ಹಾಲು ನೋಡಿ. ಅರ್ಧ ಗಂಟೆಗೆ ಮುಚ್ಚಳ ತೆಗೆದರೆ ಹಾಲು ಹಾಲೇ. ಹಾಗಂತ ಚೆಲ್ಲುತ್ತೀರಾ?

ಇದರ ಒಳಗಿನ ಗಣಿತ ನನಗೆ ತುಂಬಾ ಇಷ್ಟ. ಊರಲ್ಲಿ 100 ರೈತರಿದ್ದಾರೆ ಅನ್ನಿ. ಹೊಸ ತಳಿ ಬೆಳೆದವನೂ ಬೆಳೆಯದವನೂ ಬದುವಿನ ಮೇಲೆ ಎದುರಾದಾಗ ಮಾತ್ರ ಸುದ್ದಿ ದಾಟುತ್ತದೆ. ಬೆಳೆದವರು 2, ಬೆಳೆಯದವರು 98 ಇದ್ದರೆ ಆಗಬಹುದಾದ ಜೋಡಿಗಳು 196. 10 ಮತ್ತು 90 ಇದ್ದರೆ 900. ಅರ್ಧಕ್ಕರ್ಧ ಆದಾಗ 2500! 90 ಜನ ಬೆಳೆದ ಮೇಲೆ ಮತ್ತೆ 900ಕ್ಕೆ ಇಳಿಯುತ್ತದೆ. ಹಾಗಾಗಿ ಓಟ ಮೊದಲು ನಿಧಾನ, ನಡುವೆ ಜೋರು, ಕೊನೆಗೆ ಮತ್ತೆ ನಿಧಾನ.

ಕಾಯುವುದು ದಡ್ಡತನವೂ ಅಲ್ಲ. ಬೆಳೆ ಅಂದರೆ ವರ್ಷಕ್ಕೊಮ್ಮೆ ಮಾಡುವ ಪ್ರಯೋಗ. ಒಬ್ಬ ರೈತನಿಗೆ ಜೀವಮಾನದಲ್ಲಿ ಸಿಗುವುದು ಹೆಚ್ಚೆಂದರೆ 40-50 ಮುಂಗಾರು. ಅದರಲ್ಲಿ ಒಂದನ್ನು ಸುಮ್ನೆ ಕಳೆಯುವ ಬದಲು ಪಕ್ಕದವನ ಪ್ರಯೋಗ ನೋಡುವುದು ಒಳ್ಳೆಯದು, ಅಲ್ವಾ? ರಾಗಿಯಲ್ಲಂತೂ ಕ್ವಿಂಟಲ್ ಲೆಕ್ಕವೊಂದೇ ಸಾಲದು. ಹುಲ್ಲು ಎಷ್ಟು ಬಂತು, ಹಸು ತಿಂತಾ, ಮುದ್ದೆ ಹೇಗಾಯ್ತು ಎಂದು ಮೂರ್ನಾಲ್ಕು ಪರೀಕ್ಷೆ ಪಾಸಾಗಬೇಕು.

ರಾಗಿ ಎಂದಮೇಲೆ ತಳಿವಿಜ್ಞಾನಿ ಲಕ್ಷ್ಮಣಯ್ಯನವರನ್ನು ಬಿಡುವುದು ಹೇಗೆ? ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕೂತು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟವರು ಅವರು. ಹೆಸರಲ್ಲೇ ಎರಡೂ ನೆಲ ಇವೆ. ರಾಗಿಯ ಹೂವು ಬಲು ಚಿಕ್ಕದು, ಅದು ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಎರಡು ತೆನೆ ಬೆರೆಸುವುದೇ ಕಷ್ಟ. ಬೆರೆತ ಮೇಲೂ ತಳಿ ನೆಲೆ ನಿಲ್ಲಲು ಹಲವು ತಲೆಮಾರು ಆರಿಸುತ್ತಾ ಹೋಗಬೇಕು. ತಳಿ ಕಟ್ಟಲು ಹತ್ತು ವರ್ಷ, ಅದು ಹರಡಲು ಅಯೋವಾದ ಹಾಗೆ ಹದಿಮೂರು ವರ್ಷ ಹಿಡಿಯಿತು ಅನ್ನಿ, ಶುರು ಮಾಡಿದವರು ಅಷ್ಟರಲ್ಲಿ ನಿವೃತ್ತಿಯ ಹತ್ತಿರ ಬಂದಿರುತ್ತಾರೆ. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಅಮೆರಿಕದಲ್ಲಿ ಕೃಷಿ ಕಾಲೇಜುಗಳಿಗೆ 1862ರಲ್ಲಿ, ವಿಸ್ತರಣೆಗೆ 1914ರಲ್ಲಿ ಕಾನೂನು ಬಂತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆ ಮಾದರಿಯಲ್ಲೇ 1964ರಲ್ಲಿ ಶುರುವಾಯಿತು, ಟೆನೆಸ್ಸೀ ವಿಶ್ವವಿದ್ಯಾಲಯದ ನೆರವೂ ಇತ್ತು.

ಈಗ ಯೋಜನೆ ಬರೆಯುವವರ ನಿಜವಾದ ತಲೆನೋವು. ಅದು ಬೀಜದ್ದು. ವಿಜ್ಞಾನಿ ಕೈಲಿರುವ ಹಿಡಿ ಬೀಜ ಬಿತ್ತಿ ಬೆಳೆದು ಹೆಚ್ಚುತ್ತಾ ತಳಿವರ್ಧಕರ ಬೀಜವಾಗಿ, ಮೂಲ ಬೀಜವಾಗಿ, ಪ್ರಮಾಣಿತ ಬೀಜವಾಗಿ ರೈತನಿಗೆ ಸಿಗಬೇಕು. ಒಂದೊಂದು ಹಂತಕ್ಕೂ ಒಂದೊಂದು ಬೆಳೆ ಬೇಕು. ಮಳೆ ನಂಬಿ ಮಾಡಿದರೆ ಮೂರು ವರ್ಷ ಹೋಯಿತು. ಎಲ್ಲರೂ ಒಟ್ಟಿಗೆ ಬೀಜ ಕೇಳುವ ವರ್ಷ ಅಂಗಡಿಯಲ್ಲಿ ಮೂಟೆ ಇಲ್ಲದಿದ್ದರೆ ಜನ ಹಳೇ ತಳಿಯನ್ನೇ ಬಿತ್ತುತ್ತಾರೆ. ಅಷ್ಟು ದಿನದ ಪ್ರಚಾರ ನೀರಲ್ಲಿ ಹೋಮ.

ಅಯೋವಾದ ಲೆಕ್ಕವನ್ನೇ ನಮ್ಮ ರಾಗಿಗೆ ಹಾಕಿ ನೋಡಿ. ಎಂಟನೇ ವರ್ಷ ನೂರಕ್ಕೆ 40 ಜನ ಬೀಜ ಕೇಳುತ್ತಾರೆ. ಅದರ ತಯಾರಿಗೆ ದುಡ್ಡು ಇಡಬೇಕಾದದ್ದು ಐದನೇ ವರ್ಷ. ಆ ವರ್ಷ ಮೇಜಿನ ಮೇಲಿರುವ ವರದಿಯಲ್ಲಿ ನೂರಕ್ಕೆ 10 ಎಂದಷ್ಟೇ ಬರೆದಿರುತ್ತದೆ.