ಮಾನ್ಸ್ಟರ್ ಟ್ರಕ್ಕಿಗೆ ಮೋಟರ್ ಕಟ್ಟಕಡೆಗೆ

“ಯಾವ ಮೋಟ್ರು ಹಾಕಿದ್ರ ಛಲೋ ಆಗ್ತೈತ್ರಿ?” ರಿಮೋಟ್ ಟ್ರಕ್ ಕೊಂಡು ಎರಡು ತಿಂಗಳಾದವರು ಮೊದಲು ಕೇಳುವುದು ಇದನ್ನೇ. ಉತ್ತರ ಒಂದೇ: ಸದ್ಯ ಇದ್ದದ್ದೇ ಇರಲಿ. ಮೋಟರಿನ ಬಲ ನೆಲ ಮುಟ್ಟುವ ಹೊತ್ತಿಗೆ ಪಿನಿಯನ್ (ಮೋಟರ್ ದಂಡದ ಪುಟ್ಟ ಗೇರ್), ಸ್ಪರ್ ಗೇರ್ (ಅದು ತಿರುಗಿಸುವ ದೊಡ್ಡ ಗೇರ್), ಸ್ಲಿಪ್ಪರ್ ಕ್ಲಚ್ (ಬಡಿತಕ್ಕೆ ಜಾರುವ ಕ್ಲಚ್), ಡಿಫರೆನ್ಶಿಯಲ್ (ಬಲ ಹಂಚುವ ಗೇರುಗಳ ಜೋಡಣೆ, ಚಿಕ್ಕದಾಗಿ ಡಿಫ್), ಡ್ರೈವ್‌ಶಾಫ್ಟ್ (ಗಾಲಿಗೆ ಬಲ ಒಯ್ಯುವ ದಂಡ), ಹೆಕ್ಸ್ (ಗಾಲಿ ಕೂರುವ ಆರುಮೂಲೆಯ ತುಂಡು) ಇಷ್ಟನ್ನೂ ದಾಟಬೇಕು. ಇವುಗಳಲ್ಲಿ ಒಂದನ್ನು ಗಟ್ಟಿ ಮಾಡಿದರೆ ಮುರಿತ ನಿಲ್ಲುವುದಿಲ್ಲ, ಪಕ್ಕದ್ದಕ್ಕೆ ದಾಟುತ್ತದೆ. ಮೋಟರಿನಿಂದಲೇ ಶುರು ಮಾಡಿದರೆ ಮೊದಲ ವಾರ ಸ್ಪರ್ ಗೇರಿನ ಹಲ್ಲು ಹೋಗುತ್ತದೆ, ಎರಡನೇ ವಾರ ಡ್ರೈವ್‌ಶಾಫ್ಟ್ ತಿರುಚಿಕೊಳ್ಳುತ್ತದೆ, ಮೂರನೇ ವಾರ ಡಿಫ್ ಒಳಗಿಂದ ಕಟಕಟ ಸದ್ದು. ಅದಕ್ಕೇ ಕೆಲಸ ಗಾಲಿಯಿಂದ ಮೇಲಕ್ಕೆ ಸಾಗಬೇಕು. ಇಲ್ಲಿ ಹೇಳುವುದೆಲ್ಲ 1/10 ಅಳತೆಯ ವಿದ್ಯುತ್ ಟ್ರಕ್ಕುಗಳ ಲೆಕ್ಕ.

ಮೊದಲು ನೆಲ ನೋಡಿ. ಧಾರವಾಡದ ಪಡುವಣ ಬದಿಗೆ ಕೆಮ್ಮಣ್ಣು. ಹುಬ್ಬಳ್ಳಿ ದಾಟಿ ಮೂಡಣಕ್ಕೆ, ಅಣ್ಣಿಗೇರಿ, ನವಲಗುಂದ, ಗದಗದ ಕಡೆ ಹೋದಂತೆಲ್ಲ ಎರೆಭೂಮಿ. ಎರಡೂ ಟ್ರಕ್ಕನ್ನು ಬೇರೆಬೇರೆ ರೀತಿಯಲ್ಲಿ ಕೊಲ್ಲುತ್ತವೆ. ಕೆಮ್ಮಣ್ಣಿನ ಸಣ್ಣ ಹುಡಿ ಬೇರಿಂಗಿನೊಳಗೆ, ಶಾಕ್ ಅಬ್ಸಾರ್ಬರಿನ ದಂಡದ ಓ-ರಿಂಗಿನೊಳಗೆ (ರಬ್ಬರ್ ಬಳೆಯೊಳಗೆ) ಸೇರಿ ಉಜ್ಜುಕಾಗದದಂತೆ ತೇಯುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಿನಂಥ ಹೆಂಟೆ. ಮಳೆಯಾದ ಮರುದಿನ ಅದೇ ಮಣ್ಣು ಗಾಲಿಗೆ ಮೆತ್ತಿ, ಪದರದ ಮೇಲೆ ಪದರ ಕೂತು, ಗಾಲಿ ಹಿಡಿದಿರುವ ತೋಳಿಗೂ (ಆರ್ಮ್) ಗಾಲಿಗೂ ನಡುವೆ ಸಂದೇ ಇಲ್ಲದಂತೆ ಮಾಡುತ್ತದೆ. ಗಾಲಿ ತಿರುಗದೆ ನಿಂತಾಗ ಮೋಟರ್ ಎಳೆಯುವ ಕರೆಂಟ್ ಎಲ್ಲಕ್ಕಿಂತ ಹೆಚ್ಚು, ಸುಡುವುದೂ ಆಗಲೇ. ಚಕ್ಕಡಿಯೇ ಹೂತು ಕೂರುವ ಹೊಲದಲ್ಲಿ ಎರಡೂವರೆ ಕಿಲೋ ಟ್ರಕ್ಕಿನ ಪಾಡೇನು? ನಿಮ್ಮ ಚಪ್ಪಲಿಗೆ ಮಣ್ಣು ಮೆತ್ತಿದರೆ ಆ ದಿನ ಟ್ರಕ್ ಇಳಿಸಬೇಡಿ.

ಅಗ್ಗದ ಟ್ರಕ್ಕುಗಳಲ್ಲಿ ಬೇರಿಂಗ್ ಬದಲು ಪ್ಲಾಸ್ಟಿಕ್ ಅಥವಾ ಕಂಚಿನ ಬುಷ್ ಇರುತ್ತದೆ. ಹುಡಿ ಮಣ್ಣಿನಲ್ಲಿ ಬುಷ್ ಅಗಲವಾಗಿ ಗಾಲಿ ಅಲ್ಲಾಡುತ್ತದೆ, ಹೆಕ್ಸ್ ತಿನ್ನುತ್ತದೆ. ಮೊದಲ ದುಡ್ಡು ಬಾಲ್ ಬೇರಿಂಗಿಗೆ ಹೋಗಲಿ. ವರ್ನಿಯರ್ ಹಿಡಿದು ಮೂರು ಅಳತೆ ಬರೆದುಕೊಳ್ಳಿ: ಒಳವ್ಯಾಸ, ಹೊರವ್ಯಾಸ, ದಪ್ಪ. ಸಾಮಾನ್ಯವಾಗಿ ಸಿಗುವ ಅಳತೆಗಳು 5×11×4, 5×10×4, 10×15×4 ಮಿ.ಮೀ. ಬೇರಿಂಗ್ ಅಂಗಡಿಯಲ್ಲಿ ಇವುಗಳ ಸಂಖ್ಯೆ ಕ್ರಮವಾಗಿ ಎಂಆರ್115, ಎಂಆರ್105, 6700. ಇಲ್ಲೊಂದು ಮೋಸದ ತಿರುವಿದೆ. 5×11 ಎಂದಷ್ಟೇ ಕೇಳಿದರೆ 685 ಕೈಗೆ ಬರಬಹುದು. ಮುಚ್ಚಳವಿರುವ 685ರ ದಪ್ಪ 5 ಮಿ.ಮೀ. ಒಂದೇ ಮಿಲಿಮೀಟರ್ ಹೆಚ್ಚಾದರೂ ಗಾಲಿಯ ನಟ್ ಬಿಗಿದಾಗ ಆಕ್ಸಲ್ ಹಿಡಿದುಕೊಳ್ಳುತ್ತದೆ. ಮುಚ್ಚಳ ಲೋಹದ್ದು ಬೇಡ, ರಬ್ಬರಿನದು ಕೇಳಿ. ತುಸು ಬಿಗಿಯಾಗಿ ತಿರುಗುತ್ತದೆ, ಆದರೆ ನಮ್ಮ ಧೂಳಿಗೆ ಅದೇ ಸರಿ.

ಗಾಲಿ ದೊಡ್ಡದು ಮಾಡಬೇಕೆಂಬ ಆಸೆ ಎಲ್ಲರಿಗೂ. ದೊಡ್ಡ ಗಾಲಿ ಎಂದರೆ ದೊಡ್ಡ ಗೇರ್ ಎಂಬುದನ್ನು ಮಾತ್ರ ಮರೆಯುತ್ತಾರೆ. ಸ್ಪರ್ 86 ಹಲ್ಲು, ಪಿನಿಯನ್ 18 ಇದ್ದರೆ ಅನುಪಾತ 4.78. ಗಾಲಿಯ ವ್ಯಾಸ 125 ಮಿ.ಮೀ.ನಿಂದ 140ಕ್ಕೆ ಏರಿಸಿದರೆ ಶೇ. 12ರಷ್ಟು ಹೆಚ್ಚಳ, ಮೋಟರಿನ ಪಾಲಿಗೆ ಅದು 18 ಹಲ್ಲಿನ ಪಿನಿಯನ್ ತೆಗೆದು 20 ಹಾಕಿದಂತೆಯೇ. ಜತೆಗೆ ಗಾಲಿಯ ತೂಕವೂ ಹೆಚ್ಚಿತು. ಹಳೆಯ ಹೊರೆ ಉಳಿಯಬೇಕಾದರೆ ಪಿನಿಯನ್ 16ಕ್ಕೆ ಇಳಿಸಿ. ವೇಗ ಮೊದಲಿನಷ್ಟೇ ಇರುತ್ತದೆ, ಹೆಂಟೆ ಹತ್ತುವುದು ಸಲೀಸಾಗುತ್ತದೆ.

ಟೈರ್ ಅಂಟಿಸುವಾಗ ರಿಮ್ಮಿನ ಅಂಚನ್ನೂ ಟೈರಿನ ಅಂಚನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಅಚ್ಚಿನ ಎಣ್ಣೆ ಉಳಿದರೆ ಯಾವ ಸೂಪರ್‌ಗ್ಲೂ ಹಾಕಿದರೂ ಮೂರನೇ ದಿನ ಬಿಡುತ್ತದೆ. ತೆಳುವಾದ ಅಂಟನ್ನೇ ಬಳಸಿ, ಒಂದು ಬದಿ ಪೂರ್ತಿ ಒಣಗಿದ ಮೇಲೆ ಇನ್ನೊಂದು ಬದಿ. ರಿಮ್ಮಿನ ಗಾಳಿಕಂಡಿಯಿಂದ ನೀರು ಹೊಕ್ಕರೆ ಒಳಗಿನ ಸ್ಪಂಜು ಅದನ್ನು ಹೀರಿಕೊಂಡು ಗಾಲಿ ಗಡಗಡ ನಡುಗುತ್ತದೆ. ಟೈರಿನ ಮೈಮೇಲೆ ಎದುರುಬದುರಾಗಿ 3 ಮಿ.ಮೀ.ನ ಎರಡು ತೂತು ಕೊರೆದರೆ ತಿರುಗುವಾಗ ನೀರು ತಾನೇ ಹೊರಗೆ ಸಿಡಿಯುತ್ತದೆ.

ಇನ್ನು ಬಲ ಸಾಗುವ ದಾರಿ. ಒಂದರೊಳಗೊಂದು ಜಾರುವ ಪ್ಲಾಸ್ಟಿಕ್ ಡ್ರೈವ್‌ಶಾಫ್ಟ್ ಮಾಮೂಲಿ ಬ್ರಶ್ ಮೋಟರಿಗೆ ಸಾಕು, ಬ್ರಶ್ ಇಲ್ಲದ, ಹೆಚ್ಚು ಬಲದ ಬ್ರಶ್‌ಲೆಸ್ಸಿಗೆ ಉಕ್ಕಿನದೇ ಬೇಕು. ಡಿಫ್ ಬಿಚ್ಚಿದಾಗ ಹಲ್ಲುಗಳ ನಡುವಿನ ಸಡಿಲ ನೋಡಿ. ಕ್ರೌನ್ ಗೇರಿನ (ಡಿಫ್‌ನ ದೊಡ್ಡ ಗೇರಿನ) ಹಿಂದೆ 0.1 ಅಥವಾ 0.2 ಮಿ.ಮೀ.ನ ಶಿಮ್ (ತೆಳು ವಾಷರ್) ಒಂದನ್ನು ಹಾಕಿದರೆ ಅದೇ ಗೇರ್ ದುಪ್ಪಟ್ಟು ಕಾಲ ಬಾಳೀತು. ಮುಚ್ಚಿದ ಡಿಫ್ ಇರುವ ನಾಲ್ಕು ಗಾಲಿ ಎಳೆತದ ಟ್ರಕ್ಕಿಗೆ ಸಿಲಿಕೋನ್ ಎಣ್ಣೆ: ಮುಂದೆ 10,000, ಹಿಂದೆ 7,000, ನಡುವೆ ಡಿಫ್ ಇದ್ದರೆ 30,000 ಸಿಎಸ್‌ಟಿಯಿಂದ (ಎಣ್ಣೆಯ ಮಂದತನದ ಅಳತೆ) ಶುರು ಮಾಡಿ, ಆಮೇಲೆ ನಿಮ್ಮ ನೆಲಕ್ಕೆ ಹೊಂದಿಸಿಕೊಳ್ಳಿ. ಒಳಗಿನ ಅಡ್ಡಪಿನ್ನು ಮುಳುಗುವಷ್ಟು ಸಾಕು. ಕಂಠಮಟ್ಟ ತುಂಬಿದರೆ ಬಿಸಿಗೆ ಹಿಗ್ಗಿ ಸೋರುತ್ತದೆ.

ಸ್ಲಿಪ್ಪರ್ ಕ್ಲಚ್ಚನ್ನು ಪೂರ್ತಿ ಬಿಗಿದು ಇಡುವವರೇ ಹೆಚ್ಚು; ಜಾರಿದರೆ ವೇಗ ಹೋಯಿತು ಎಂಬ ಭಾವನೆ. ಜಾರುವುದಕ್ಕೇ ಅದನ್ನು ಇಟ್ಟಿರುವುದು. ಹಾರಿದ ಟ್ರಕ್ ಗಾಲಿ ತಿರುಗಿಸುತ್ತಲೇ ನೆಲಕ್ಕೆ ಬಿದ್ದಾಗ ಆ ಬಡಿತವೆಲ್ಲ ಹಲ್ಲಿನ ಮೇಲೆ ಬೀಳದಂತೆ ಕಾಯುವುದು ಅದೊಂದೇ. ಗಟ್ಟಿ ನೆಲದಲ್ಲಿ ನಿಂತಲ್ಲಿಂದ ಒಮ್ಮೆಲೇ ಪೂರ್ತಿ ಥ್ರಾಟಲ್ ಒತ್ತಿ: ಮೊದಲ ಒಂದೆರಡು ಅಡಿ ಮಾತ್ರ ಸುಯ್ ಎಂದು ಜಾರಿ ಹಿಡಿದುಕೊಂಡರೆ ಸರಿ. ಸದ್ದೇ ಇಲ್ಲದಿದ್ದರೆ ನಟ್ ಕಾಲು ಸುತ್ತು ಸಡಿಲಿಸಿ. ಹತ್ತಡಿ ಜಾರಿದರೆ ಬಿಗಿ ಮಾಡಿ, ಇಲ್ಲವಾದರೆ ಅದರ ಬಿಸಿಗೇ ಸ್ಪರ್ ಗೇರಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಶಾಕಿಗೆ 30 ವೇಟ್ (ಇದೂ ಮಂದತನದ ಅಳತೆಯೇ) ಸಿಲಿಕೋನ್ ಎಣ್ಣೆ ಹಾಕಿ ನೋಡಿ, ಭಾರದ ಬ್ಯಾಟರಿ ಹಾಕಿದರೆ 40. ಎಣ್ಣೆ ತುಂಬಿ, ಪಿಸ್ಟನ್ನನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿ, ಗುಳ್ಳೆ ಮೇಲೆ ಬರಲು ಹತ್ತು ನಿಮಿಷ ಬಿಟ್ಟು ಆಮೇಲೆ ಮುಚ್ಚಿ. ಒಂದೂವರೆ ಗೇಣು ಎತ್ತರದಿಂದ ಟ್ರಕ್ಕನ್ನು ಸಮನಾಗಿ ಕೈಬಿಟ್ಟಾಗ ಹೊಟ್ಟೆ ನೆಲಕ್ಕೆ ಸೋಕಬೇಕು, ಪುಟಿಯಬಾರದು. ಬೈಕಿನ ಫೋರ್ಕ್ ಎಣ್ಣೆ, ಎಂಜಿನ್ ಎಣ್ಣೆ ಹಾಕಬೇಡಿ. ಸಿಲಿಕೋನ್ ಎಣ್ಣೆಗೆಂದು ಮಾಡಿದ ಓ-ರಿಂಗು ಅವಕ್ಕೆ ಉಬ್ಬುತ್ತದೆ. ಕೊಬ್ಬರಿ ಎಣ್ಣೆ ತುಂಬುವ ಜಾಣರೂ ಇದ್ದಾರೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಧಾರವಾಡದ ಬೆಳಗ್ಗೆ ಆ ಶಾಕು ಒನಕೆಯೇ ಸೈ.

ಅಲ್ಯೂಮಿನಿಯಂ ಭಾಗಗಳ ಹೊಳಪಿಗೆ ಮರುಳಾಗಬೇಡಿ. ಕೆಳಗಿನ ಆರ್ಮ್ ನೈಲಾನಿನದಾದರೆ ಬಡಿತಕ್ಕೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅಲ್ಯೂಮಿನಿಯಂ ಒಮ್ಮೆ ಬಾಗಿದರೆ ಬಾಗಿದ್ದೇ, ಅದಕ್ಕಿಂತ ಮೊದಲು ಪಿನ್ನಿನ ತೂತನ್ನೋ ಚಾಸಿಯ ಅಂಚನ್ನೋ ಕಿತ್ತುಹಾಕಿರುತ್ತದೆ. ಲೋಹ ಒಪ್ಪುವ ಜಾಗಗಳು ಮೂರು: ಗಾಲಿಯ ಹೆಕ್ಸ್, ಮುಂಗಾಲಿಯ ಸ್ಟೀರಿಂಗ್ ನಕಲ್ (ಗಾಲಿ ಹೊರಳಿಸುವ ಕೀಲು), ಮೋಟರ್ ಪ್ಲೇಟ್. ಮೋಟರ್ ಪ್ಲೇಟ್ ಅಲ್ಯೂಮಿನಿಯಂ ಆದರೆ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಲೋಹಕ್ಕೆ ಲೋಹ ಸೇರುವ ಸ್ಕ್ರೂಗಳಿಗೆ ನೀಲಿ ಥ್ರೆಡ್‌ಲಾಕ್ ಒಂದೇ ಹನಿ. ಪ್ಲಾಸ್ಟಿಕ್ಕಿಗೆ ತಾಗಿದರೆ ಅದು ಬಿರುಕು ಬಿಡುತ್ತದೆ. ಕೆಲಸಕ್ಕೆ ಕೂರುವ ಮುನ್ನ 1.5, 2.0, 2.5 ಮಿ.ಮೀ.ನ ಒಳ್ಳೆಯ ಹೆಕ್ಸ್ ಡ್ರೈವರ್ ಮೂರು ಕೊಳ್ಳಿ; ಗಾಲಿಯ ಎಂ4 ನಟ್ಟಿಗೆ 7 ಮಿ.ಮೀ. ಪಾನಾ. ಸವೆದ ಎಲ್-ಕೀಲಿಯಿಂದ ಸ್ಕ್ರೂ ತಲೆ ಕೆಡಿಸಿಕೊಂಡರೆ ಮುಂದಿನ ಅರ್ಧ ದಿನ ಅದನ್ನು ಕೊರೆಯುವುದರಲ್ಲೇ ಹೋಗುತ್ತದೆ.

ದೊಡ್ಡ ಗಾಲಿ ಎಡಬಲಕ್ಕೆ ಹೊರಳಿಸಲು ಸರ್ವೋ (ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟರ್) ಬಲವಾಗಿರಬೇಕು. ಎಲ್ಲ ಕಡೆ ಸಿಗುವ ಎಂಜಿ996ಆರ್ 6 ವೋಲ್ಟಿನಲ್ಲಿ ಸುಮಾರು 11 ಕಿಲೋ-ಸೆಂ.ಮೀ. ಬಲ ಕೊಡುತ್ತದೆ. ಮಾಮೂಲಿ ಟ್ರಕ್ಕಿಗೆ ಸಾಕು, 140 ಮಿ.ಮೀ. ಗಾಲಿಗೆ 15ರಿಂದ 20 ಇರಲಿ. ಸರ್ವೋ ದಂಡದ ಮೇಲೆ ಕೂರುವ ಹಾರ್ನಿನ ಹಲ್ಲು ಎಣಿಸಿಯೇ ಕೊಳ್ಳಿ, 25 ಇದ್ದದ್ದು 24ಕ್ಕೆ ಕೂರುವುದಿಲ್ಲ. ಪೆಟ್ಟಿಗೆ ಸ್ಪ್ರಿಂಗಿನಂತೆ ಬಾಗುವ ಸರ್ವೋ ಸೇವರನ್ನು ಕಿತ್ತು ನೇರ ಹಾರ್ನ್ ಹಾಕಬೇಡಿ. ಗೋಡೆಗೆ ಬಡಿದ ಪೆಟ್ಟು ನೇರ ಗೇರಿಗೇ ಹೋಗುತ್ತದೆ. ಸರ್ವೋ ತಡೆದು ನಿಂತಾಗ ಎರಡೂವರೆ ಆಂಪಿಯರ್ ಎಳೆಯಬಹುದು. ಇಎಸ್‌ಸಿಯೊಳಗಿನ (ಮೋಟರಿನ ವೇಗ ನಿಯಂತ್ರಿಸುವ ಪೆಟ್ಟಿಗೆಯೊಳಗಿನ) ಬಿಇಸಿ, ಅಂದರೆ ಸರ್ವೋ, ರಿಸೀವರಿಗೆ ಕರೆಂಟ್ ಕೊಡುವ ಭಾಗ, 1 ಆಂಪಿಯರಿನದಾದರೆ ವೋಲ್ಟೇಜ್ ಕುಸಿದು ರಿಸೀವರ್ ಕ್ಷಣಕಾಲ ಸಾಯುತ್ತದೆ. ತಿರುವಿನಲ್ಲೇ ಟ್ರಕ್ ಕೈತಪ್ಪುತ್ತಿದ್ದರೆ ರಿಮೋಟನ್ನು ಬೈಯುವ ಮೊದಲು ಇದನ್ನು ನೋಡಿ. ಸರ್ವೋದಿಂದ ಐದು ತಂತಿ ಬಂದಿದ್ದರೆ ಅದು ಆಟಿಕೆ ದರ್ಜೆಯದು, ಮೂರು ತಂತಿಯ ಸರ್ವೋ ಅದಕ್ಕೆ ಹೊಂದದು. ಆಗ ಸರ್ವೋ, ಇಎಸ್‌ಸಿ, ರಿಸೀವರ್-ರಿಮೋಟ್ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಆ ಖರ್ಚಿಗೆ ಬೇರೆ ಟ್ರಕ್ಕೇ ಕೊಳ್ಳುವುದು ಲೇಸು.

ಬ್ಯಾಟರಿ. 2ಎಸ್ ಲಿಪೋ (ಎರಡು ಸೆಲ್ಲಿನ ಲಿಥಿಯಂ ಪಾಲಿಮರ್) ಎಂದರೆ ಹೆಸರಿಗೆ 7.4 ವೋಲ್ಟ್, ತುಂಬಿದಾಗ 8.4. 3ಎಸ್‌ಗೆ 11.1 ಮತ್ತು 12.6. ಎರಡರಿಂದ ಮೂರಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಆದರೆ ಬಡಿತದ ಶಕ್ತಿ ವೇಗದ ವರ್ಗಕ್ಕೆ ಏರುವುದರಿಂದ ಎರಡೂಕಾಲು ಪಟ್ಟು. ಮೇಲೆ ಹೇಳಿದ್ದೆಲ್ಲ ಆಗದೆ 3ಎಸ್ ಮುಟ್ಟಬೇಡಿ. ಚಾರ್ಜ್ 1ಸಿಗೆ, ಅಂದರೆ 5,000 ಎಂಎಎಚ್‌ಗೆ 5 ಆಂಪಿಯರ್, ಪ್ರತಿ ಸಲ ಸೆಲ್ಲುಗಳನ್ನು ಸಮ ಮಾಡುವ ಬ್ಯಾಲೆನ್ಸ್ ತಂತಿ ಹಾಕಿಯೇ. ಸೆಲ್ 3.3 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಅಷ್ಟರೊಳಗೆ ತಾನೇ ಮೋಟರ್ ನಿಲ್ಲಿಸಲು ಹಾಬಿವಿಂಗ್ 1060ರಂಥ ಇಎಸ್‌ಸಿಯಲ್ಲಿ ಪುಟ್ಟ ಜಂಪರ್ ಸರಿಸಿ ಲಿಪೋ ಎಂದು ಆರಿಸಬೇಕು. ಆ ಸೌಲಭ್ಯವೇ ಇಲ್ಲದ್ದಕ್ಕೆ ಚೀರುವ ಅಲಾರಂ ಸಿಗಿಸಿ 3.5ಕ್ಕೆ ಇಡಿ. ವಾರ ಬಿಟ್ಟು ಓಡಿಸುವುದಾದರೆ 3.8ಕ್ಕೆ ತಂದು ಎತ್ತಿಡಿ. ಏಪ್ರಿಲ್ ಬಿಸಿಲಲ್ಲಿ ಸ್ಕೂಟರಿನ ಡಿಕ್ಕಿಯಲ್ಲೋ ಮುಚ್ಚಿದ ಕಾರಿನಲ್ಲೋ ಇಟ್ಟ ಲಿಪೋ ಉಬ್ಬುತ್ತದೆ, ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡಬಾರದು. ಹಳೆಯ ಬಿಳಿ ಟಮಿಯಾ ಕನೆಕ್ಟರ್ ಹೆಚ್ಚಿನ ಕರೆಂಟಿಗೆ ಕರಗುತ್ತದೆ, ಎಕ್ಸ್‌ಟಿ60 ಹಾಕಿ. ಬೆಸುಗೆ ಹಾಕುವಾಗ ಅದರ ಜೋಡಿಯನ್ನು ಸಿಗಿಸಿಟ್ಟುಕೊಂಡರೆ ಬಿಸಿಗೆ ಪಿನ್ನು ಓರೆಯಾಗದು. ಕೆಂಪು-ಕಪ್ಪು ಅದಲುಬದಲಾದರೆ ಇಎಸ್‌ಸಿ ಹೊಗೆಯಾಗಲು ಒಂದು ಸೆಕೆಂಡೂ ಬೇಡ.

ಈಗ ಬಂತು ಮೋಟರ್. 2ಎಸ್‌ಗೆ 3650 ಗಾತ್ರದ, ಅಂದರೆ 36 ಮಿ.ಮೀ. ವ್ಯಾಸ, 50 ಮಿ.ಮೀ. ಉದ್ದದ, 3,300ರಿಂದ 3,900 ಕೆವಿ ಬ್ರಶ್‌ಲೆಸ್ ಮೋಟರು, 60 ಆಂಪಿಯರ್ ಇಎಸ್‌ಸಿ ಒಳ್ಳೆಯ ಜೋಡಿ. ಕೆವಿ ಎಂದರೆ ಒಂದು ವೋಲ್ಟಿಗೆ ನಿಮಿಷದ ಸುತ್ತು: 3,500 ಕೆವಿಗೆ 7.4 ವೋಲ್ಟ್ ಕೊಟ್ಟರೆ 25,900 ಸುತ್ತು. 86/18ರ ಜತೆ ಗೇರ್‌ಬಾಕ್ಸಿನ ಅನುಪಾತ 2.72 ಇದ್ದರೆ ಒಟ್ಟು 13; ಗಾಲಿ ನಿಮಿಷಕ್ಕೆ ಸುಮಾರು 1,990 ಸುತ್ತು, 125 ಮಿ.ಮೀ. ಗಾಲಿಯಲ್ಲಿ ಗಂಟೆಗೆ 47 ಕಿ.ಮೀ. ಇದು ಕಾಗದದ ಲೆಕ್ಕ, ಮಣ್ಣಿನಲ್ಲಿ ಇದಕ್ಕಿಂತ ಕಡಿಮೆ. ಆದರೂ ಕಾಲಿಗೆ ಬಡಿದರೆ ಮೂಳೆ ಮುರಿಯುವಷ್ಟು. ಉಣಕಲ್ ಕೆರೆಯ ಏರಿಯಂಥ ಜನ ನಡೆದಾಡುವ ಜಾಗ ಬೇಡ. ಕಪ್ಪತಗುಡ್ಡದ ದಿಬ್ಬ ಎಷ್ಟೇ ಕರೆದರೂ ಅದು ವನ್ಯಜೀವಿಧಾಮ. ಊರಂಚಿನ ಖಾಲಿ ಲೇಔಟ್ ಸಾಕು. ಗಾಲಿ ನೆಲದಿಂದ ಎತ್ತಿಟ್ಟು, ಥ್ರಾಟಲ್ ಒತ್ತಿರುವಾಗಲೇ ರಿಮೋಟ್ ಬಂದ್ ಮಾಡಿ ನೋಡಿ: ಗಾಲಿ ನಿಲ್ಲಬೇಕು. ನಿಲ್ಲದಿದ್ದರೆ ಫೇಲ್‌ಸೇಫ್ (ಸಿಗ್ನಲ್ ತಪ್ಪಿದಾಗ ಮೋಟರ್ ನಿಲ್ಲಿಸುವ ಏರ್ಪಾಡು) ಹೊಂದಿಸುವವರೆಗೆ ಹೊರಗೆ ಒಯ್ಯಬೇಡಿ.

ಕೂರಿಸುವಾಗ ಎರಡು ತಪ್ಪು ಸಾಮಾನ್ಯ. ಮೋಟರ್ ಹಿಡಿಯುವ ಎಂ3 ಸ್ಕ್ರೂ ಉದ್ದವಾದರೆ ಒಳಗಿನ ಸುರುಳಿಗೆ ತಾಗಿ ಶಾರ್ಟ್ ಆಗುತ್ತದೆ, ಮೊದಲು ಕೈಯಲ್ಲೇ ತಿರುಗಿಸಿ ಎಷ್ಟು ಒಳಹೋಗುತ್ತದೆ ನೋಡಿ. ಎರಡನೆಯದು ಗೇರುಗಳ ಕೂಡಿಕೆ. ಪಿನಿಯನ್ ಮತ್ತು ಸ್ಪರ್ ನಡುವೆ ದಿನಪತ್ರಿಕೆಯ ಒಂದು ಪಟ್ಟಿ ಸಿಗಿಸಿ, ಒತ್ತಿ ಹಿಡಿದು ಸ್ಕ್ರೂ ಬಿಗಿದು, ಸ್ಪರ್ ತಿರುಗಿಸಿ ಪಟ್ಟಿ ಹೊರತೆಗೆಯಿರಿ. ಕಾಗದ ನಿರಿಗೆ ಬಿದ್ದಿರಬೇಕು, ಹರಿದಿರಬಾರದು. ಸ್ಪರ್ ಕೊಂಚ ಓರೆಯಾಗಿದ್ದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಬರುತ್ತದೆ. ಅತಿ ಬಿಗಿಯಾದ ಜಾಗದಲ್ಲಿ ಈ ಅಳತೆ ಮಾಡಿ. ಹಲ್ಲಿನ ಗಾತ್ರ ಎರಡರದ್ದೂ ಒಂದೇ ಇರಲಿ, 48 ಪಿಚ್ ಸ್ಪರ್‌ಗೆ 32 ಪಿಚ್ ಪಿನಿಯನ್ ಹಾಕಿದರೆ ಹತ್ತು ಮೀಟರ್ ಓಡುವುದರೊಳಗೆ ಪ್ಲಾಸ್ಟಿಕ್ ಪುಡಿ.

ಮೊದಲ ಓಟ ಐದೇ ನಿಮಿಷ. ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಮೋಟರಿನ ಮೈ ನೋಡಿ, 80 ಡಿಗ್ರಿ ದಾಟಬಾರದು. ಅದಕ್ಕಿಂತ ಮೇಲೆ ಒಳಗಿನ ಅಯಸ್ಕಾಂತ ಬಲ ಕಳೆದುಕೊಳ್ಳತೊಡಗುತ್ತದೆ, ತಣ್ಣಗಾದ ಮೇಲೂ ಅದು ಪೂರ್ತಿ ಮರಳುವುದಿಲ್ಲ. ಋತುವಿನ ಲೆಕ್ಕವೂ ಇಲ್ಲಿ ಬರುತ್ತದೆ. ಮೋಟರ್ ಸುತ್ತಲಿನ ಗಾಳಿಗಿಂತ 45 ಡಿಗ್ರಿ ಮೇಲೇರುತ್ತದೆ ಎನ್ನಿ. ಹದಿನೆಂಟು ಡಿಗ್ರಿಯ ಚಳಿಗಾಲದ ಬೆಳಗ್ಗೆ ಅದು 63, ಮೂವತ್ತೇಳರ ಏಪ್ರಿಲ್ ಮಧ್ಯಾಹ್ನ 82. ಅದೇ ಟ್ರಕ್, ಅದೇ ಗೇರ್. ಹೋಳಿ ಹುಣ್ಣಿಮೆ ಹೊತ್ತಿಗೆ ಪಿನಿಯನ್ ಎರಡು ಹಲ್ಲು ಇಳಿಸಿ, ಮಳೆಗಾಲ ಮುಗಿದ ಮೇಲೆ ಬೇಕಾದರೆ ಮತ್ತೆ ಏರಿಸಿ.

ಓಟ ಮುಗಿದ ಮೇಲೆ ಎರೆಮಣ್ಣಿಗೆ ಪೈಪಿನ ನೀರು ಬಿಡಬೇಡಿ. ಮಣ್ಣು ಕರಗಿ ಬೇರಿಂಗಿನ ಸಂದಿಗೇ ಇಳಿಯುತ್ತದೆ. ರಾತ್ರಿಯಿಡೀ ಒಣಗಲು ಬಿಟ್ಟರೆ ಅದು ತಾನೇ ಬಿರುಕುಬಿಡುತ್ತದೆ, ಹಳೆಯ ಹಲ್ಲುಜ್ಜುವ ಬ್ರಶ್ ಸಾಕು. ಮಣ್ಣು ಉದುರಿಸಿದ ಮೇಲೆ ಪಿನಿಯನ್ನನ್ನು ದಂಡಕ್ಕೆ ಹಿಡಿಯುವ ತಲೆಯಿಲ್ಲದ ಗ್ರಬ್ ಸ್ಕ್ರೂ ಒಮ್ಮೆ ಬಿಗಿದು ನೋಡಿ. ಅದು ಮೋಟರ್ ಶಾಫ್ಟಿನ ಚಪ್ಪಟೆ ಬದಿಯ ಮೇಲೆಯೇ ಕೂತಿರಬೇಕು.