ಮೈಮೇಲೆ ಬಂದದ್ದು ದುರ್ಯೋಧನನಲ್ಲ

ತುಮಕೂರು ಸೀಮೆಯ ಯಾವ ಹಳ್ಳಿಯಲ್ಲೇ ಕುರುಕ್ಷೇತ್ರ ನಾಟಕ ನಡೆಯಲಿ, ಬೆಳಗಿನ ಜಾವದ ಹೊತ್ತಿಗೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಅವನಲ್ಲ ಕಣಪ್ಪ ಅಬ್ಬರಿಸ್ತಿರೋದು, ಪಾರ್ಟೇ ಮೈಮೇಲೆ ಬಂದೈತೆ." ಹೊಗಳಿಕೆಗೆ ಆಡಿದ ಮಾತಾದರೆ ತಕರಾರಿಲ್ಲ. ಆದರೆ ಇದನ್ನು ನಿಜವೆಂದೇ ನಂಬುವವರು ಬಹಳ. ದುರ್ಯೋಧನನೋ ನರಸಿಂಹನೋ ಆದವನು ವೇದಿಕೆಯ ಮೇಲೆ ಕುಸಿದರೆ, ನೀರಿಗಿಂತ ಮೊದಲು ಮಂಗಳಾರತಿ ತಟ್ಟೆ ಹುಡುಕುವವರಿದ್ದಾರೆ. ನನಗೆ ಸಿಟ್ಟು ಬರುವುದು ಅಲ್ಲಿಯೇ. ಜೀವಕ್ಕೆ ಅಪಾಯವೆಂಬುದು ಒಂದು ಕಡೆ. ತಿಂಗಳುಗಟ್ಟಲೆ ತಾಲೀಮು ಮಾಡಿ, ಪಾತ್ರಕ್ಕೆ ಕೈಯಿಂದಲೇ ದುಡ್ಡು ಕಟ್ಟಿ, ಕಂದಪದ್ಯಗಳನ್ನು ಬಾಯಿಪಾಠ ಮಾಡಿದ ರೈತನ ದುಡಿಮೆಯನ್ನು ಕಿತ್ತು ಇನ್ಯಾವುದೋ ಶಕ್ತಿಗೆ ಕೊಟ್ಟುಬಿಡುತ್ತೇವೆ ಎಂಬುದು ಇನ್ನೊಂದು ಕಡೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆಂದೇ ಸಮಿತಿ ರಚಿಸಿದ್ದರು. ಅಂಥವರ ನಾಡಿನಲ್ಲಿ ಈ ಪ್ರಶ್ನೆಯನ್ನು ಕೇಳದೆ ಬಿಡುವುದು ತರವಲ್ಲ. ವೇಷ ಕಟ್ಟಿದ ಮನುಷ್ಯ ನಿಜಕ್ಕೂ ಬದಲಾಗುತ್ತಾನೆ. ಹೇಗೆ?

ಉಡುಪಿನ ಬಗ್ಗೆ ಹೆಚ್ಚು ಸುದ್ದಿ ಮಾಡಿದ್ದು ಅಮೆರಿಕದ ಇಬ್ಬರು ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಒಂದೇ ಬಿಳಿ ಕೋಟನ್ನು ಕೆಲವರಿಗೆ ವೈದ್ಯರದೆಂದು, ಕೆಲವರಿಗೆ ಚಿತ್ರಕಾರರದೆಂದು ಹೇಳಿ ತೊಡಿಸಿದರು. ವೈದ್ಯರದೆಂದು ತಿಳಿದು ತೊಟ್ಟವರು ಎರಡು ಚಿತ್ರಗಳ ನಡುವಿನ ವ್ಯತ್ಯಾಸಗಳನ್ನು ಹೆಚ್ಚು ಗುರುತಿಸಿದರು. ಪತ್ರಿಕೆಗಳು ಕುಣಿದಾಡಿದವು. ಆದರೆ ಆ ಸರಣಿಯ ಮೊದಲ ಪ್ರಯೋಗವನ್ನು, ಅಂದರೆ ಕೋಟು ತೊಟ್ಟವರನ್ನು ತೊಡದವರೊಡನೆ ಹೋಲಿಸಿದ್ದನ್ನು, ಬೇರೆಯವರು ಹೆಚ್ಚು ಜನರ ಮೇಲೆ ಮತ್ತೆ ಮಾಡಿ 2019ರಲ್ಲಿ ಪ್ರಕಟಿಸಿದಾಗ ಆ ಪರಿಣಾಮ ಕಾಣಲಿಲ್ಲ. ಬಟ್ಟೆ ತೊಟ್ಟ ಮಾತ್ರಕ್ಕೆ ಬುದ್ಧಿ ಬದಲಾಗುತ್ತದೆ ಎನ್ನುವವರು ಈ ಎರಡನೆಯ ಸುದ್ದಿಯನ್ನೂ ಓದಬೇಕು.

ನನ್ನ ಪ್ರಕಾರ ಗುಟ್ಟಿರುವುದು ತೊಡುವುದರಲ್ಲಿಲ್ಲ, ತೊಟ್ಟು ದುಡಿಸಿಕೊಳ್ಳುವುದರಲ್ಲಿದೆ. ನಮ್ಮ ಮೆದುಳು ದೇಹದ ನಕ್ಷೆಯೊಂದನ್ನು ಸದಾ ಇಟ್ಟುಕೊಂಡಿರುತ್ತದೆ: ಕೈ ಎಲ್ಲಿಯವರೆಗೆ ಚಾಚುತ್ತದೆ, ತಲೆ ಎಷ್ಟು ಎತ್ತರದಲ್ಲಿದೆ, ಸುತ್ತ ಎಷ್ಟು ಜಾಗ ನನ್ನದು. ಈ ನಕ್ಷೆಯ ಗಡಿ ಚರ್ಮಕ್ಕೇ ನಿಲ್ಲುವುದಿಲ್ಲ. ಹುಲ್ಲಿನ ಹೊರೆ ಹೊತ್ತ ಹೆಂಗಸು ಕೊಟ್ಟಿಗೆಯ ಬಾಗಿಲಲ್ಲಿ ಲೆಕ್ಕ ಹಾಕದೆಯೇ ಹೊರೆಯ ಎತ್ತರಕ್ಕೆ ಸರಿಯಾಗಿ ಬಗ್ಗುತ್ತಾಳೆ. ಆ ಹೊತ್ತಿಗೆ ಹೊರೆಯೂ ಅವಳ ತಲೆಯೇ. 1996ರಲ್ಲಿ ಜಪಾನಿನ ಅತ್ಸುಶಿ ಇರಿಕಿ ಮತ್ತು ಸಂಗಡಿಗರು ಇದನ್ನು ನರಕೋಶಗಳ ಮಟ್ಟದಲ್ಲೇ ತೋರಿಸಿದರು. ಮಂಗಗಳಿಗೆ ಪುಟ್ಟ ಕುಂಟೆಯಿಂದ ದೂರದ ತಿನಿಸನ್ನು ಎಳೆದುಕೊಳ್ಳಲು ಕಲಿಸಿದರು. ಮೆದುಳಿನ ಪಾರ್ಶ್ವಭಾಗದಲ್ಲಿ, ಕೈಯನ್ನು ಮುಟ್ಟಿದಾಗಲೂ ಕೈಯ ಹತ್ತಿರ ಏನಾದರೂ ಕಂಡಾಗಲೂ ಮಿಡಿಯುವ ಕೋಶಗಳಿವೆ. ಕುಂಟೆ ಬಳಸಿದ ಮೇಲೆ ಅವು ಕುಂಟೆಯ ತುದಿಯ ಬಳಿ ಕಂಡದ್ದಕ್ಕೂ ಮಿಡಿಯತೊಡಗಿದವು. ಕುಂಟೆಯನ್ನು ಸುಮ್ಮನೆ ಹಿಡಿದು ಕುಳಿತರೆ ಮಾತ್ರ ಹೀಗಾಗಲಿಲ್ಲ! ಬಳಸಿದರಷ್ಟೇ ಆಯುಧ ಕೈಯಾಗುತ್ತದೆ.

ಈಗ ದುರ್ಯೋಧನನನ್ನು ನೋಡಿ. ಭುಜಕೀರ್ತಿ ಕಟ್ಟಿದೊಡನೆ ಹೆಗಲು ಅಗಲವಾಗುತ್ತದೆ, ತೋಳನ್ನು ಮೈಗೆ ಅಂಟಿಸಿಕೊಂಡು ನಿಲ್ಲಲಾಗುವುದಿಲ್ಲ. ಕಿರೀಟವಿಟ್ಟರೆ ತಲೆ ತಗ್ಗಿಸುವಂತಿಲ್ಲ, ಕತ್ತು ತಾನಾಗಿ ನೆಟ್ಟಗಾಗುತ್ತದೆ. ಕತ್ತು ನೆಟ್ಟಗಾದರೆ ಎದೆ ತೆರೆದುಕೊಳ್ಳುತ್ತದೆ, ಉಸಿರು ಉದ್ದವಾಗುತ್ತದೆ, ಆಲಾಪಕ್ಕೆ ಬೇಕಾದ ಗಾಳಿ ಸಿಗುತ್ತದೆ. ಗದೆ ಹಿಡಿದು ಬೀಸತೊಡಗಿದರೆ ಅವನ ಸುತ್ತಲಿನ "ನನ್ನ ಜಾಗ" ಮಾರುದ್ದ ಹಿಗ್ಗುತ್ತದೆ. ಗತ್ತನ್ನು ಮನಸ್ಸಿನಿಂದ ತಂದುಕೊಳ್ಳಬೇಕಾದ ಪಾತ್ರಕ್ಕೆ ಮೈಯೇ ಮುಂಚೆ ಹೋಗಿ ಜಾಗ ಹಿಡಿದಿರುತ್ತದೆ.

ಗುಬ್ಬಿ ನಾಟಕ ಕಂಪನಿಯವರಿಗೆ ಇದೆಲ್ಲ ಅನುಭವದಿಂದಲೇ ಗೊತ್ತಿತ್ತೆಂದು ನನ್ನ ನಂಬಿಕೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಆ ಮಂಡಳಿಗೆ ವೀರಣ್ಣನವರು ಸೇರಿದ್ದು ಬಾಲಕನಾಗಿ. ಮುಂದೆ ಯಜಮಾನರಾಗಿ ಅವರು ಕುರುಕ್ಷೇತ್ರದ ರಂಗಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದರು. ಅದನ್ನು ಬರೀ ಆಡಂಬರವೆಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಪಕ್ಕದಲ್ಲಿ ಉಸಿರಾಡುವ ಆನೆ ನಿಂತಿದ್ದರೆ ನಟನ ನಾಡಿಬಡಿತವೇ ಬೇರೆಯಾಗುತ್ತದೆ. ನಮ್ಮ ಬಯಲುಸೀಮೆಯ ಬಯಲಾಟವಾದ ಮೂಡಲಪಾಯದ ಕಲಾವಿದರು ಇನ್ನೂ ಮುಂಚಿನಿಂದಲೂ ಕಿರೀಟ, ಎದೆಹಾರಗಳ ಭಾರದಲ್ಲೇ ರಾತ್ರಿಯಿಡೀ ಕುಣಿದವರು.

ಇನ್ನು "ನಾನು" ಎಂಬುದು ಎಲ್ಲಿ ಹೋಗುತ್ತದೆ? ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸ್ಟೀವನ್ ಬ್ರೌನ್ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಾದ ನಟರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಪ್ರಶ್ನೆ ಕೇಳಲಾಯಿತು. ಒಮ್ಮೆ ತಾವಾಗಿಯೇ, ಒಮ್ಮೆ ರೋಮಿಯೋ ಅಥವಾ ಜೂಲಿಯೆಟ್ ಆಗಿ ಉತ್ತರಿಸಬೇಕು. ಪಾತ್ರವಾಗಿ ಉತ್ತರಿಸುವಾಗ ಹಣೆಯ ಹಿಂದಿನ, ನಮ್ಮ ಬಗ್ಗೆ ನಾವೇ ಯೋಚಿಸುವಾಗ ದುಡಿಯುವ ಭಾಗಗಳ ಚಟುವಟಿಕೆ ತಗ್ಗಿತು. ನನಗೆ ಇನ್ನೂ ರೋಮಾಂಚನವಾದದ್ದು ಬೇರೆ ಸಂಗತಿ: ತಾವಾಗಿಯೇ ಇದ್ದುಕೊಂಡು ಬ್ರಿಟಿಷ್ ಉಚ್ಚಾರಣೆಯಲ್ಲಿ ಮಾತಾಡಿ ಎಂದಾಗಲೂ ಸ್ವಲ್ಪ ಮಟ್ಟಿಗೆ ಹೀಗೇ ಆಯಿತು. ಪಾತ್ರದ ಧ್ಯಾನವಿಲ್ಲ, ಭಕ್ತಿಯಿಲ್ಲ. ನಾಲಿಗೆ ಹೊರಳುವ ರೀತಿಯನ್ನಷ್ಟೇ ಬದಲಿಸಿದರೂ "ನಾನು" ಕೊಂಚ ಹಿಂದೆ ಸರಿಯಿತು. ಮನೆಯಲ್ಲಿ "ಏನ್ ಸಮಾಚಾರ" ಎನ್ನುವವನು ವೇದಿಕೆಯಲ್ಲಿ "ಎಲವೋ ಸಂಜಯಾ" ಎಂದೊಡನೆ ಕೆಲಸ ಅರ್ಧ ಶುರುವಾಗಿರುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡವೊಂದು ತಲೆಗೆ ತೊಡುವ ಹಗುರ ಉಪಕರಣವಿಟ್ಟು ಷೇಕ್ಸ್‌ಪಿಯರ್ ನಾಟಕ ಆಡುತ್ತಿದ್ದ ನಟರನ್ನು ಪರೀಕ್ಷಿಸಿ, ಅಭಿನಯದ ನಡುವೆ ಅವರ ಸ್ವಂತ ಹೆಸರು ಕೂಗಿದಾಗ ಮೆದುಳಿನ ಪ್ರತಿಕ್ರಿಯೆ ಕುಗ್ಗಿರುವುದನ್ನು 2022ರಲ್ಲಿ ವರದಿ ಮಾಡಿತು. ಹೆಸರು ಕೂಗಿದರೂ ತಿರುಗಿ ನೋಡದ ನಟನಿಗೆ ಮೈಮೇಲೆ ಬಂದಿದೆ ಎನ್ನಬೇಕಿಲ್ಲ.

ಮಕ್ಕಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬೇಸರದ ಕೆಲಸವೊಂದನ್ನು ಕೊಟ್ಟಾಗ, ಬ್ಯಾಟ್‌ಮ್ಯಾನ್‌ನಂಥ ವೀರನೆಂದು ತಮ್ಮನ್ನು ಕಲ್ಪಿಸಿಕೊಂಡ ನಾಲ್ಕು, ಆರು ವರ್ಷದ ಮಕ್ಕಳು ಉಳಿದವರಿಗಿಂತ ಹೆಚ್ಚು ಹೊತ್ತು ಅದಕ್ಕೆ ಅಂಟಿಕೊಂಡಿದ್ದುದು 2017ರ ಅಧ್ಯಯನವೊಂದರಲ್ಲಿ ಕಂಡಿದೆ. ಶಾಲಾ ವಾರ್ಷಿಕೋತ್ಸವದ ವೇಷವನ್ನು ದಂಡವೆನ್ನುವ ಪೋಷಕರು ಇದನ್ನು ಗಮನಿಸಲಿ.

ಕುಸಿದು ಬೀಳುವುದಕ್ಕೆ ಕಾರಣಗಳು ತೀರ ಲೌಕಿಕ. ಮಖಮಲ್ಲಿನ ಅಂಗಿಯೊಳಗೆ ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ನೀರು ಕುಡಿಯದೆ, ವ್ರತವೆಂದು ಊಟ ಬಿಟ್ಟು, ನಿದ್ದೆಗೆಟ್ಟು ಅಬ್ಬರಿಸಿದರೆ ರಕ್ತದೊತ್ತಡ ಇಳಿಯುತ್ತದೆ. ಏದುಸಿರು ಬಿಟ್ಟಷ್ಟೂ ರಕ್ತದ ಇಂಗಾಲದ ಡೈಆಕ್ಸೈಡ್ ತಗ್ಗಿ, ಮೆದುಳಿನ ರಕ್ತನಾಳಗಳು ಕಿರಿದಾಗಿ, ಕೈಬೆರಳು ಜುಮ್ಮೆಂದು ಕಣ್ಣು ಕತ್ತಲಿಡುತ್ತದೆ. ಅಂಥವನ ಕಿರೀಟ, ಕಟ್ಟುಗಳನ್ನು ಬಿಚ್ಚಿ, ಮಲಗಿಸಿ ಗಾಳಿ ಬೀಸಿ. ಎಚ್ಚರವಿದ್ದರೆ ಮಾತ್ರ ನೀರು ಕೊಡಿ. ಮೈ ಸುಡುತ್ತಿದ್ದು ಮಾತು ತಡವರಿಸಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ವೇಷದ ಪರಿಣಾಮವನ್ನು ಪರೀಕ್ಷಿಸಲು ಲಂಡನ್ನಿನವರಿಗಿಲ್ಲದ ಒಂದು ಅನುಕೂಲ ನಮ್ಮಲ್ಲಿದೆ. ಸಿರಾ, ಮಧುಗಿರಿ, ಕೊರಟಗೆರೆಯ ಹಳ್ಳಿಗಳಲ್ಲಿ ತಾಲೀಮು ನಡೆಯುವುದು ಲುಂಗಿ, ಅಂಗಿಯಲ್ಲಿ, ಹಾರ್ಮೋನಿಯಂ ಮೇಷ್ಟ್ರ ಎದುರು. ಡ್ರೆಸ್ಸು ಬಾಡಿಗೆಯದು, ಮೈಗೇರುವುದು ನಾಟಕದ ರಾತ್ರಿಯೇ. ಅದೇ ಮನುಷ್ಯ, ಅದೇ ಪದ್ಯ, ವೇಷವಿಲ್ಲದೆ ಮತ್ತು ವೇಷದೊಡನೆ. ಜನ, ದೀಪ, ನಿದ್ದೆಗೇಡುಗಳ ಪರಿಣಾಮವನ್ನು ಬೇರ್ಪಡಿಸಲು ನಡುವೆ ಒಂದು ತಾಲೀಮನ್ನು ಪೂರ್ತಿ ವೇಷದಲ್ಲಿ ಮಾಡಿಸಿದರೆ ಸಾಕು. ತುಮಕೂರು ವಿಶ್ವವಿದ್ಯಾಲಯದ ಮನಃಶಾಸ್ತ್ರದ ವಿದ್ಯಾರ್ಥಿಗಳು ಎದೆಬಡಿತ ಅಳೆಯುವ ಪಟ್ಟಿ, ಧ್ವನಿ ಮುದ್ರಿಸುವ ಒಂದು ಮೊಬೈಲು ಹಿಡಿದು ಮುಂದಿನ ಸುಗ್ಗಿಯ ನಾಟಕಗಳಿಂದಲೇ ಇದನ್ನು ಶುರುಮಾಡಬಹುದು.